ಸಮರಖಂಡಕ್ಕೆ ಹಾದಿ ಕೇಳಿದ ಕಾಕು

"ತಮ್ಮಾ, ಸಮರಖಂಡಕ್ಕ ಹೋಗಾಕ ಹಾದಿ ಹೆಂಗೈತಿ?"

ವಿಜಯಪುರದ ಸ್ಟೇಷನ್ ರಸ್ತೆಯ ನನ್ನ ಅಂಗಡಿಯ ಬಾಗಿಲಲ್ಲಿ ನಿಂತು ಅವರು ಹೀಗೆ ಕೇಳಿದಾಗ ನಾನು ನಕ್ಕುಬಿಟ್ಟೆ. ಬೋರ್ಡಿನ ಮೇಲೆ 'ದೇಶ ವಿದೇಶ ಪ್ರವಾಸ' ಎಂದು ದೊಡ್ಡದಾಗಿ ಬರೆಸಿದ್ದೆ, ನಿಜ. ಆದರೆ ನಾನು ಮಂದಿಯನ್ನು ಕಳಿಸುತ್ತಿದ್ದದ್ದು ತಿರುಪತಿಗೆ, ಶಿರಡಿಗೆ, ಬಹಳವಾದರೆ ಕಾಶಿಗೆ, ಲಡಾಖಿಗೆ. ವಿದೇಶವೆಂದರೆ ದುಬೈಗೆ ದುಡಿಯಲು ಹೋಗುವ ಹುಡುಗರ ಟಿಕೆಟ್ಟು. ಸಮರಖಂಡವನ್ನು ನಕ್ಷೆಯಲ್ಲಿ ಎಲ್ಲಿ ಹುಡುಕಬೇಕೆಂಬುದೂ ನನಗೆ ತಿಳಿದಿರಲಿಲ್ಲ.

ಅವರು ನಗಲಿಲ್ಲ. ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. ಇಳಕಲ್ ಸೀರೆ, ಹಣೆಗೆ ವಿಭೂತಿ, ಕಾಲಿಗೆ ಮಾತ್ರ ಹುಡುಗರು ಆಟಕ್ಕೆ ಹಾಕಿಕೊಳ್ಳುವ ಬಿಳಿ ಬೂಟು.

"ನಗೂದು ಮುಗೀತಂದ್ರ ಹೇಳು," ಎಂದರು.

ಕಾಕು ನನ್ನ ಬದುಕಿನೊಳಗೆ ಬಂದದ್ದು ಹೀಗೆ. ಅವರು ತಿಕೋಟಾ ಕಡೆಯವರು. ದ್ರಾಕ್ಷಿ ತೋಟ, ತೋಟದ ಅಂಚಿಗೆ ಹಣ್ಣು ಒಣಗಿಸಿ ಮಣೂಕ ಮಾಡುವ ಶೆಡ್ಡು. ತವರು ಮನೆ ಬಬಲೇಶ್ವರ. ಸುತ್ತಲಿನವರೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ. ಅವರ ಪೂರ್ತಿ ಹೆಸರನ್ನು ನಾನು ಓದಿದ್ದು ಪಾಸ್‌ಪೋರ್ಟಿನಲ್ಲಿ ಮಾತ್ರ. ಅದನ್ನು ಇಲ್ಲಿ ಬರೆದರೆ ಬೇರೆ ಯಾರದೋ ಕಥೆ ಹೇಳಿದ ಹಾಗಾಗುತ್ತದೆ.

ಇಬ್ಬರು ಗಂಡುಮಕ್ಕಳ ಮದುವೆ ಮಾಡಿ, ಮನೆಯ ಕೀಲಿಕೈ ಹಿರಿಸೊಸೆಗೆ ಒಪ್ಪಿಸಿದ ಮೇಲೆ ಕಾಕು ತಿರುಗಲು ಶುರು ಮಾಡಿದ್ದರು. ಮೊದಲು ಅಜಂತಾ, ಸಾಂಚಿ. ಆಮೇಲೆ ಸೊಲ್ಲಾಪುರದಲ್ಲಿ ರೈಲು ಹತ್ತಿ, ಗೋರಖಪುರದಲ್ಲಿಳಿದು, ಅಲ್ಲಿಂದ ಬಸ್ಸು ಬದಲಿಸುತ್ತ ನೇಪಾಳ. ಒಂದು ಬೇಸಿಗೆಯಲ್ಲಿ ಮನಾಲಿಯಿಂದ ಸರಕಾರಿ ಬಸ್ಸಿನಲ್ಲಿ ಲೇಹ್. ಎಲ್ಲ ಒಬ್ಬರೇ. ಜೊತೆಗೊಂದು ಚೀಲ ಕಟಕ ರೊಟ್ಟಿ, ಶೇಂಗಾ ಹಿಂಡಿ, ತಮ್ಮದೇ ತೋಟದ ಮಣೂಕ. ತಂಡ ಕಟ್ಟಿಕೊಂಡು ಹೋಗುವುದು ಅವರಿಗೆ ಸೇರುತ್ತಿರಲಿಲ್ಲ. "ಗುಂಪಿನಾಗ ಹೋದ್ರ ಎಲ್ಲಾರೂ ನಮ್ಮ ಊರಾಗಿಂದನ ಮಾತಾಡತಾರ. ಹೋಗಿ ಏನು ಹೋದಂಗಾತು?" ಎನ್ನುತ್ತಿದ್ದರು. ವಿಮಾನದ ಬಗ್ಗೆಯೂ ಅವರದೊಂದು ಮಾತಿತ್ತು: "ಅದರಾಗ ಊರು ಸಿಗತೈತಿ, ಹಾದಿ ಸಿಗಂಗಿಲ್ಲ."

ಮನೆಯಲ್ಲಿ ಬೇಡ ಎನ್ನುವವರಿಲ್ಲವೇ ಎಂದು ಕೇಳಿದೆ. ಅವರ ಗಂಡ, ಕಾಕಾ, ಮಾತು ಕಡಿಮೆಯ ಮನುಷ್ಯ. ಬೀಗರೊಬ್ಬರು ಅವರಿಗೆ, "ಹೆಣ್ಮಗಳು ಒಬ್ಬಾಕೀನ ಹಿಂಗ ಅಡ್ಡಾಡಾಕ ಬಿಡತೀರಲ್ಲ," ಎಂದಾಗ ಕಾಕಾ ಹೇಳಿದ್ದರಂತೆ: "ಕಾಲು ಆಕೀವು. ನಾ ಏನು ಬಿಡೂದು?"

ಇನ್ನು ಸಮರಖಂಡ ಯಾಕೆ? ಮಣೂಕದ ಮಾರುಕಟ್ಟೆಯಲ್ಲಿ ವ್ಯಾಪಾರಿಯೊಬ್ಬ, ಈ ಮಣೂಕ ಒಣಗಿಸುವ ಕಲೆಯೆಲ್ಲ ಆ ಕಡೆಯಿಂದಲೇ ಬಂದದ್ದು ಎಂದು ಹೇಳಿದ್ದನಂತೆ. ಮದುವೆಯಾಗಿ ಬಂದಾಗಿನಿಂದ ಮಾಡುತ್ತ ಬಂದ ಕೆಲಸ ಯಾರ ಮನೆಯಿಂದ ಬಂತು ಎಂದು ಒಂದು ಸಲ ನೋಡಬೇಕು ಎಂಬುದು ಅವರ ಆಸೆ. ನಾನು ಮೊಬೈಲಿನಲ್ಲಿ ನಕ್ಷೆ ತೆರೆದು ಬೆರಳಿಟ್ಟು ತೋರಿಸಿದೆ. ವಿಜಯಪುರ, ದಿಲ್ಲಿ, ಲಾಹೋರು, ಕಾಬೂಲು.

"ನೆಲದ ಮ್ಯಾಲ ಹೋಗಾಕ ಬರಂಗಿಲ್ರಿ ಕಾಕು. ನಡುವ ಗಡಿಗೋಳು ಮುಚ್ಚ್ಯಾವು."

"ದ್ರಾಕ್ಷಿ ಬರೂ ಮುಂದ ತೆರದಿದ್ದೂ ಏನು?"

"ತೆರದಿದ್ದೂ ಏನೋ."

ಅವರು ನಕ್ಷೆಯನ್ನು ಸ್ವಲ್ಪ ಹೊತ್ತು ನೋಡಿದರು. "ಹಂಗಾರ ಮುಚ್ಚಿದಷ್ಟು ಹಾರೂಣು, ತೆರೆದಷ್ಟು ನೆಲದ ಮ್ಯಾಲ ಹೋಗೂಣು."

ಆ 'ಹೋಗೂಣು' ನನಗೆ ಅರ್ಥವಾಗಲು ಒಂದು ವಾರ ಹಿಡಿಯಿತು. ಇಷ್ಟು ದೂರ ಒಬ್ಬರೇ ಹೋಗುವುದಕ್ಕೆ ಈ ಸಲ ಗಂಡುಮಕ್ಕಳು ಒಪ್ಪಿರಲಿಲ್ಲ. ಯಾರಾದರೂ ಜೊತೆಗಿರಲಿ ಎಂದು ಹಟ ಹಿಡಿದಿದ್ದರು. ಕಾಕು ನನ್ನನ್ನು ಆರಿಸಿದ್ದರು.

"ನಾನ್ಯಾಕ್ರಿ?" ಎಂದೆ.

"ಊರ ಮಂದಿಗೆಲ್ಲ ಟಿಕೀಟು ಹರದು ಕೊಡತಿ. ನೀ ಎಲ್ಲಿಗಿ ಹೋಗೀದಿ?"

ಪಂಢರಪುರ ದಾಟಿ ಹೋಗಿಲ್ಲ ಎಂದು ಹೇಳಲು ನಾಚಿಕೆಯಾಯಿತು. ಆಗ ನನಗೆ ನಲವತ್ತು ದಾಟಿತ್ತು. ಜನ ಟಿಕೆಟ್ಟುಗಳನ್ನು ತಮ್ಮ ತಮ್ಮ ಮೊಬೈಲಿನಲ್ಲೇ ತೆಗೆಯತೊಡಗಿದ ಮೇಲೆ ನನ್ನ ಅಂಗಡಿಗೆ ಬರುವವರು ವಿಳಾಸ ಕೇಳುವವರು ಮಾತ್ರ ಎನ್ನುವಂತಾಗಿತ್ತು. ಅಂಗಡಿ ಮುಚ್ಚಬೇಕೆ, ಬೇರೆ ಏನಾದರೂ ಮಾಡಬೇಕೆ ಎಂದು ಹೆಂಡತಿ ಕೇಳಿದಾಗಲೆಲ್ಲ ನನ್ನ ಉತ್ತರ ಒಂದೇ: "ನೋಡೂಣು." ಕಾಕುಗೂ ಅದನ್ನೇ ಹೇಳಿದೆ. ಮನೆಗೆ ಬಂದು ಹೆಂಡತಿಗೆ ಈ ಸಂಗತಿಯನ್ನು ನಗೆಚಾಟಿಕೆಯಂತೆ ಹೇಳಿದರೆ ಅವಳು ಒಲೆಯ ಮುಂದಿನಿಂದ ತಿರುಗಿಯೂ ನೋಡದೆ, "ಹೋಗಿ ಬರ್ರಿ. ಅಂಗಡಿ ನಾ ನೋಡಕೋತೀನಿ. ಹೆಂಗಿದ್ರೂ ಗಿರಾಕಿ ಬರವಲ್ಲರು," ಎಂದಳು.

ಹೀಗೆ ಒಂದು ಜುಲೈ ತಿಂಗಳಲ್ಲಿ ದಿಲ್ಲಿಯಿಂದ ತಾಷ್ಕೆಂಟಿಗೆ ಹಾರಿದೆವು. ಅಲ್ಲಿಂದ ಮುಂದೆ ರೈಲು, ಬಸ್ಸು, ಸೀಟಿನ ಲೆಕ್ಕದ ಕಾರು, ಜೀಪು. ಸಮರಖಂಡದಲ್ಲಿ ಮೂರು ಕಡೆ ಮದರಸಾಗಳು ಎದ್ದು ನಿಂತ ಆ ದೊಡ್ಡ ಚೌಕದ ನಡುವೆ ನಿಂತು ನಾನು ಫೋಟೊ ತೆಗೆಯುತ್ತಲೇ ಇದ್ದೆ. ಕಾಕು ಕುತ್ತಿಗೆ ಎತ್ತಿ ನೀಲಿ ಹೆಂಚಿನ ಗುಮ್ಮಟಗಳನ್ನು ಬಹಳ ಹೊತ್ತು ನೋಡಿ, "ನಮ್ಮ ಗೋಳಗುಮ್ಮಟ ಬರೇ ಮೈಯಾಗ ನಿಂತೈತಿ. ಇವು ಜರತಾರಿ ಉಟಗೊಂಡಾವು," ಎಂದರು. ಯಾವುದು ಚೆಂದ ಎಂದು ಕೇಳಿದರೆ, "ಒಬ್ಬ ತಾಯಿ ಮಕ್ಕಳನ್ನ ಹಂಗ ಕೇಳಬಾರದು," ಎಂದು ನನ್ನ ಬಾಯಿ ಮುಚ್ಚಿಸಿದರು.

ಆದರೆ ಅವರ ಜೀವ ಇದ್ದದ್ದು ಪೇಟೆಯಲ್ಲಿ. ಮಣೂಕದ ರಾಶಿಗಳ ಹಿಂದೆ ತಲೆಗೆ ಬಣ್ಣದ ವಸ್ತ್ರ ಕಟ್ಟಿದ ಹೆಂಗಸರು ಸಾಲಾಗಿ ಕೂತಿದ್ದರು. ಕಪ್ಪು, ಹಸಿರು, ಜೇನಿನ ಬಣ್ಣದ ಮಣೂಕ. ಕಾಕು ಒಬ್ಬಾಕೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ತಮ್ಮ ಚೀಲ ಬಿಚ್ಚಿ ತಿಕೋಟಾದ ಮಣೂಕ ಒಂದು ಮುಷ್ಟಿ ಕೊಟ್ಟರು. ಆಕೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದು, ಪಕ್ಕದವಳನ್ನು ಕೂಗಿದಳು. ಗಳಿಗೆಯೊಳಗೆ ಸುತ್ತ ಆರೇಳು ಹೆಂಗಸರು. ಅವರದು ಅವರ ಭಾಷೆ, ಕಾಕುದು ಅಚ್ಚ ತಿಕೋಟಾ ಕನ್ನಡ. ಶೆಡ್ಡು ಹೇಗಿರುತ್ತದೆ, ಬಲೆ ಹೇಗೆ ಕಟ್ಟುತ್ತಾರೆ, ಗಾಳಿ ಯಾವ ಕಡೆಯಿಂದ ಬರಬೇಕು ಎಲ್ಲವನ್ನೂ ಎರಡೂ ಕೈಗಳಿಂದ ಹೇಳಿದರು. ನಾನು ಮೊಬೈಲಿನಲ್ಲಿ ಅನುವಾದ ಮಾಡಲು ಹೋದರೆ ತಡೆದರು. "ಅವರ ಮಾತು ನನಗ ತಿಳೀವಲ್ದು, ನನ್ನ ಮಾತು ಅವರಿಗೆ ತಿಳೀವಲ್ದು. ಸಮಾ ಆತಲ್ಲ, ಬಿಡು."

ಅವರನ್ನು ದೇವತೆ ಮಾಡಲಾರೆ. ಜೊತೆಗೆ ಪ್ರಯಾಣ ಮಾಡುವುದು ಸುಲಭವಿರಲಿಲ್ಲ. ಚೌಕಾಶಿಗೆ ನಿಂತರೆ ಎದುರಿನವನ ಮುಖ ಕೆಂಪಾಗುವವರೆಗೆ ಬಿಡುತ್ತಿರಲಿಲ್ಲ. ತಜಿಕಿಸ್ತಾನದ ಗಡಿಯಲ್ಲಿ ಕಾರಿನ ಮುಂದಿನ ಸೀಟಿಗಾಗಿ ಚಾಲಕನೊಂದಿಗೆ ಕನ್ನಡದಲ್ಲಿ ಜಗಳ ತೆಗೆದು ಗೆದ್ದರು. ಗುಳಿಗೆ ಎಂದರೆ ಆಗುತ್ತಿರಲಿಲ್ಲ. ನಾನು ಕೊಟ್ಟದ್ದನ್ನು ನುಂಗಿದಂತೆ ಮಾಡಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದರು. ತಮಗೇನಾದರೂ ನೋವಿದ್ದರೆ ಹೇಳುವ ಅಭ್ಯಾಸವೇ ಇರಲಿಲ್ಲ. ಇದು ಮುಂದೆ ನಮ್ಮಿಬ್ಬರಿಗೂ ತುಟ್ಟಿಯಾಗಬೇಕಿತ್ತು.

ದುಶಾಂಬೆಯಿಂದ ಖೊರೋಗ್ ಎಂಬ ಊರಿಗೆ ಹೋಗುವ ರಸ್ತೆ ಪಂಜ್ ನದಿಯ ದಂಡೆ ಹಿಡಿದು ಸಾಗುತ್ತದೆ. ಈಚೆ ದಂಡೆ ತಜಿಕಿಸ್ತಾನ, ಆಚೆ ದಂಡೆ ಅಫಘಾನಿಸ್ತಾನ. ಕೆಲವು ಕಡೆ ನದಿ ಎಷ್ಟು ಕಿರಿದೆಂದರೆ ಆಚೆಯವರ ಅಂಗಿಯ ಬಣ್ಣ ಕಾಣುತ್ತದೆ. ಅಲ್ಲೊಂದು ಕಡೆ ಹೆಂಗಸೊಬ್ಬಳು ಕತ್ತೆಯ ಮೇಲೆ ಹುಲ್ಲು ಹೇರಿಕೊಂಡು ಬಂಡೆಯ ಅಂಚಿನ ಕಾಲುಹಾದಿಯಲ್ಲಿ ನಡೆದಿದ್ದಳು. ಕಾಕು ಜೀಪು ನಿಲ್ಲಿಸಿದರು. ದಂಡೆಗೆ ಹೋಗಿ, "ಏ ತಂಗೀ!" ಎಂದು ಕೂಗಿದರು. ನೀರಿನ ಸಪ್ಪಳದಲ್ಲಿ ಆಕೆಗೆ ಕೇಳಿಸಿರಲಿಕ್ಕಿಲ್ಲ. ಕಾಕು ಕೈಯೆತ್ತಿ ಬೀಸುತ್ತಲೇ ಇದ್ದರು. ಕೊನೆಗೆ ಆಕೆ ನಿಂತಳು. ಕತ್ತೆಯೂ ನಿಂತಿತು. ಆಕೆ ಒಂದು ಕೈ ಎತ್ತಿ ಹಾಗೇ ಸ್ವಲ್ಪ ಹೊತ್ತು ಹಿಡಿದು, ಮತ್ತೆ ನಡೆದಳು. ಅವಳು ಮರೆಯಾದ ಮೇಲೆಯೇ ಕಾಕು ಜೀಪಿಗೆ ಮರಳಿದರು.

ಖೊರೋಗಿನಿಂದ ರಸ್ತೆ ಪಾಮೀರ್ ಪರ್ವತಗಳಿಗೆ ಏರುತ್ತದೆ. ಎರಡು ಶಿಖರಗಳ ನಡುವಿನ ಎತ್ತರದ ಕಣಿವೆಬಾಯಿಯೊಂದನ್ನು ದಾಟಿದರೆ ಆಚೆಗೆ ಮರಗಳಿಲ್ಲದ ಬಯಲು, ಮುರ್ಗಾಬ್ ಎಂಬ ಊರು, ಅದರಾಚೆ ಕಪ್ಪು ಸರೋವರ, ಕೊನೆಗೆ ಓಶ್ ಪಟ್ಟಣ. ಕಾಕುಗೆ ಆ ಇಡೀ ಹಾದಿಯನ್ನು ಮುಗಿಸಬೇಕಿತ್ತು. ಕಣಿವೆಬಾಯಿಯ ಕೆಳಗೆ ಬಿಸಿನೀರಿನ ಬುಗ್ಗೆಗಳಿರುವ ಹಳ್ಳಿಯಲ್ಲಿ ತಂಗಿದೆವು. ಮುಂಜಾನೆ ಕಾಕು ಚಹಾ ಕುಡಿಯಲಿಲ್ಲ. ಕೇಳಿದರೆ ಹಸಿವಿಲ್ಲ ಎಂದರು. ಆಮೇಲೆ ತಿಳಿಯಿತು, ಎದ್ದಾಗಿನಿಂದ ತಲೆ ಸಿಡಿಯುತ್ತಿತ್ತು, ಎರಡು ಸಲ ವಾಂತಿಯಾಗಿತ್ತು.

ಜೀಪಿನಲ್ಲಿ ನಮ್ಮ ಜೊತೆ ಮುರ್ಗಾಬಿಗೆ ಹೋಗುವ ಇಬ್ಬರು ಸ್ಥಳೀಯರಿದ್ದರು. ಏರು ಶುರುವಾಗಿ ಬಹಳ ಹೊತ್ತಾಗಿರಲಿಲ್ಲ. ಕಾಕು ನನ್ನ ಕಡೆ ತಿರುಗಿ, ಬಹಳ ಹಿಂದೆ ತೀರಿಕೊಂಡ ತಮ್ಮ ಅಣ್ಣನ ಹೆಸರು ಹಿಡಿದು ಕರೆದು, "ಬಬಲೇಶ್ವರ ಬಂತೇನೋ?" ಎಂದರು.

ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ.

"ಅವ್ವ ಬಾಗಲಾಗ ನಿಂತಿರತಾಳ. ಲಗೂ ಇಳಿ."

ಅವರ ಕಣ್ಣು ನನ್ನನ್ನು ನೋಡುತ್ತಿರಲಿಲ್ಲ. ಎತ್ತರದ ಪ್ರದೇಶದಲ್ಲಿ ಮಾತು ತಪ್ಪಿದರೆ ತಡಮಾಡದೆ ಕೆಳಗಿಳಿಸಬೇಕು ಎಂದು ಲಡಾಖಿಗೆ ಹೋಗುವ ಗಿರಾಕಿಗಳಿಗೆ ನಾನೇ ಎಷ್ಟೋ ಸಲ ಗಿಳಿಯಂತೆ ಒಪ್ಪಿಸಿದ್ದೆ. ಚಾಲಕನ ಭುಜ ಹಿಡಿದು ಜೀಪು ನಿಲ್ಲಿಸಿದೆ. ಹೊಳ್ಳಿ ಹೋಗಬೇಕು ಎಂದು ಕೈಯಿಂದ ತೋರಿಸಿದೆ. ಅವನು ಮೇಲೆ ಬೆರಳು ಮಾಡಿದ, ಕಣಿವೆಬಾಯಿ ಅಗೋ ಅಲ್ಲೇ ಇದೆ, ದಾಟಿಬಿಟ್ಟರಾಯಿತು. ಉಳಿದಿಬ್ಬರೂ ಹೌದೆಂದು ಗೋಣು ಹಾಕಿದರು. ಅಷ್ಟರಲ್ಲಿ ಕಾಕುಗೆ ಒಂದು ಕ್ಷಣ ಎಚ್ಚರವಾದಂತಾಗಿ, "ಇಲ್ಲೇ ಐತಿ ಅಂತಾನಲ್ಲ. ನಡಿ ಮುಂದ," ಎಂದರು.

ನಾನು ಹುಟ್ಟಿದಾಗಿನಿಂದ ಯಾರ ಮೇಲೂ ದನಿ ಏರಿಸಿದವನಲ್ಲ. ಅಂದು, "ಕೆಳಗ ಇಳೀರಿ ಕಾಕು! ಇಳೀರಿ ಅಂದ್ರ ಇಳೀರಿ!" ಎಂದು ಒದರಿದೆ. ಬೆಟ್ಟಕ್ಕೂ ಕೇಳಿಸಿರಬೇಕು. ಚೀಲಗಳನ್ನು ರಸ್ತೆಗೆ ಎಳೆದೆ. ಅವರನ್ನು ಕೈಹಿಡಿದು ಇಳಿಸಿ, ಚೀಲದ ಮೇಲೆ ಕೂಡಿಸಿ, ನನ್ನ ಕೋಟು ಹೊದಿಸಿದೆ. ಜೀಪು ಹೊರಟುಹೋಯಿತು.

ಆ ರಸ್ತೆಯ ಮೇಲೆ ನಾನು ನಿಂತ ಹೊತ್ತು ಎಷ್ಟೆಂದು ಗೊತ್ತಿಲ್ಲ. ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಕಾಕಾನ ಮುಖ ಕಣ್ಣೆದುರು ಬರುತ್ತಿತ್ತು. ಅವರಿಗೆ ಏನು ಹೇಳಲಿ? ಕೊನೆಗೆ ಮೇಲಿನಿಂದ ಸರಕಿನ ಲಾರಿಯೊಂದು ಇಳಿದು ಬಂತು. ರಸ್ತೆಯ ನಡುವೆ ನಿಂತು ಎರಡೂ ಕೈ ಅಗಲಿಸಿದೆ. ಬಂಗಾರದ ಹಲ್ಲಿನ ಮುದಿ ಚಾಲಕ ಇಳಿದು ಬಂದು ಕಾಕುನ ಮುಖ ನೋಡಿದ. ನಾವಿಬ್ಬರೂ ಸೇರಿ ಅವರನ್ನು ಎತ್ತಿ ಅವನ ಸೀಟಿನ ಹಿಂದಿನ ಹಾಸಿಗೆಯ ಮೇಲೆ ಮಲಗಿಸಿದೆವು. ಮರಗಳು ಕಾಣತೊಡಗಿದ ಮೇಲೆ ಹಿಂದಿನಿಂದ ದನಿ ಬಂತು: "ತಮ್ಮಾ, ನೀರು ಕೊಡು." ನನ್ನನ್ನು ತಮ್ಮಾ ಎಂದರು, ಅಣ್ಣನ ಹೆಸರು ಹೇಳಲಿಲ್ಲ. ಮುಖವನ್ನು ಕಿಟಕಿಗೆ ತಿರುಗಿಸಿಕೊಂಡು ಬಾಟಲಿ ಕೊಟ್ಟೆ. ಚಾಲಕ ನನ್ನ ತೊಡೆಯ ಮೇಲೆ ಮೆಲ್ಲಗೆ ತಟ್ಟಿದ.

ಖೊರೋಗಿನಲ್ಲಿ ನಾವು ಉಳಿದುಕೊಂಡ ಮನೆಯ ಯಜಮಾನಿ ದಾದಿಯಾಗಿ ಕೆಲಸ ಮಾಡಿದ್ದವಳು. ಕಾಕುನ ನಾಡಿ ನೋಡಿ, ನನ್ನ ಕಡೆ ಬೆರಳು ಮಾಡಿ ತಲೆಯಾಡಿಸಿದಳು, ಸರಿ ಮಾಡಿದೆ ಎನ್ನುವಂತೆ. ಆದರೆ ಕಾಕು ಸಿಟ್ಟಾಗಿದ್ದರು. ಮರುದಿನ ಪೂರ್ತಿ ನನ್ನೊಡನೆ ಮಾತಿಲ್ಲ. ಆಡಿದ್ದು ಒಂದೇ ಮಾತು: "ನನ್ನ ಹಾದಿ ಅರ್ಧಕ್ಕ ಕಡದಿ." ಅದು ನನಗೆ ನಾಟಿತು. ಆದರೂ ತಪ್ಪಾಯಿತು ಎಂದು ನಾನು ಹೇಳಲಿಲ್ಲ. ನನಗೇ ಅದು ಆಶ್ಚರ್ಯ.

ಅದರ ಮರುದಿನ ಮುಂಜಾನೆ ಅಂಗಳದಲ್ಲಿ ಕೂತು ಎರಡು ಬಟ್ಟಲು ಚಹಾ ಕುಡಿದ ಮೇಲೆ ಕಾಕು ನನ್ನನ್ನೇ ನೋಡಿ ನಗತೊಡಗಿದರು.

"ಲೇ, ಭಾರಿ ಒದರಿದೆಲ್ಲೋ! ಇಷ್ಟ ದಿವಸ ಆ ದನಿ ಎಲ್ಲಿ ಇಟ್ಟಿದ್ದಿ?"

"ನನಗೂ ಗೊತ್ತಿಲ್ರಿ."

"ಸಿಕ್ಕೈತಲ್ಲ, ಇನ್ನ ಕಳಕೋಬ್ಯಾಡ," ಎಂದರು. ಆಮೇಲೆ ದನಿ ಇಳಿಸಿ, "ನೀ ಇಳಸಲಿಲ್ಲಂದ್ರ ನಾ ಅವ್ವನ ಕಡೇನ ಹೋಗಿಬಿಡತಿದ್ನಿ, ತಮ್ಮಾ," ಎಂದರು.

ಮೇಲಿನ ಹಾದಿ ಬಿಟ್ಟು, ತಗ್ಗಿನಲ್ಲೇ ಸಾಗುವ ವಖಾನ್ ಕಣಿವೆಗೆ ಹೋದೆವು. ಬೆಟ್ಟದ ತುದಿಯಲ್ಲಿ ಹಳೆಯ ಕೋಟೆ, ಕೆಳಗೆ ಹಳ್ಳಿ. ಹಳ್ಳಿಯ ಮಾಳಿಗೆಗಳ ಮೇಲೆಲ್ಲ ಜರ್ದಾಳು, ಅಂದರೆ ಏಪ್ರಿಕಾಟ್ ಹಣ್ಣು ಸೀಳಿ ಒಣಹಾಕಿದ್ದರು. ಊರಿಗೆ ಊರೇ ಕೇಸರಿ. ಕಾಕು ಕೋಟೆಗೆ ಬೆನ್ನು ಮಾಡಿ ಒಂದು ಮನೆಯ ಮಾಳಿಗೆ ಹತ್ತಿದವರು ಮೂರು ದಿನ ಇಳಿಯಲಿಲ್ಲ ಎನ್ನಬೇಕು. ಆ ಮನೆಯ ಅಜ್ಜಿಯೊಂದಿಗೆ ಕೂತು ಹಣ್ಣು ಸೀಳುವುದು, ಹೊರಳಿಸುವುದು, ಬೀಜ ಒಡೆದು ತಿನ್ನುವುದು. ಹೊರಡುವಾಗ ಅಜ್ಜಿ ಅವರ ಎರಡೂ ಕೈ ಹಿಡಿದು ಮುತ್ತಿಟ್ಟಳು. ಕಾಕು ಬಗ್ಗಿ ಅವಳ ಕಾಲು ಮುಟ್ಟಿದರು. ಹಾಗೆ ಮಾಡುವುದು ಅಲ್ಲಿನ ರೂಢಿಯೋ ಅಲ್ಲವೋ ತಿಳಿಯದು. ಅಜ್ಜಿಗೆ ಅರ್ಥವಾಯಿತು.

ಊರಿಗೆ ಬಂದ ಮೇಲೆ ನಾನು ಅಂಗಡಿಯ ಬೋರ್ಡು ಬದಲಿಸಲಿಲ್ಲ, ಕೆಲಸ ಬದಲಿಸಿದೆ. ಟಿಕೆಟ್ಟು ಮಾರುವುದು ಬಿಟ್ಟು, ನೆಲದ ಹಾದಿಯಲ್ಲಿ ಹೋಗಬೇಕೆನ್ನುವ ಏಳೆಂಟು ಮಂದಿಯನ್ನು ಕರೆದುಕೊಂಡು ನಾನೇ ಹೊರಡತೊಡಗಿದೆ. ಮೊದಲು ಲಡಾಖ್, ಆಮೇಲೆ ನೇಪಾಳ, ಸಮರಖಂಡ. ವಿಜಯಪುರದ ಮಾಸ್ತರರು, ಬಬಲೇಶ್ವರದ ರೈತ ದಂಪತಿ, ಸೊಲ್ಲಾಪುರ ರಸ್ತೆಯ ಗ್ಯಾರೇಜಿನವನು, ಹೀಗೆ ಎಂಥೆಂಥವರೋ ಬಂದರು. ಊರೂರಲ್ಲಿ ಒಂದು ದಿನ ಏನೂ ತೋರಿಸದೆ ಸುಮ್ಮನೆ ಪೇಟೆಯಲ್ಲಿ ಬಿಟ್ಟುಬಿಡುತ್ತೇನೆ. ಅದು ಕಾಕುನಿಂದ ಕಲಿತದ್ದು. ನನ್ನ ಮನೆಯ ಒಲೆ ಇಂದು ಉರಿಯುತ್ತಿದ್ದರೆ, ಹೆಂಡತಿ ನನ್ನನ್ನು 'ನೋಡೂಣು ಸಾಹೇಬ್ರು' ಎಂದು ಕರೆಯುವುದನ್ನು ಬಿಟ್ಟಿದ್ದರೆ, ಅದಕ್ಕೆ ಕಾರಣ ಆ ಬಿಳಿ ಬೂಟಿನ ಹೆಂಗಸು.

ಕಾಕು ಆಮೇಲೆ ದೂರ ಹೋಗಲಿಲ್ಲ. ಎದೆ ಸೋತಿದೆ ಎಂದು ಡಾಕ್ಟರು ಹೇಳಿದ್ದರು. ಪ್ರತಿ ಪ್ರವಾಸದಿಂದ ಬಂದ ಮೇಲೆ ತಿಕೋಟಾಕ್ಕೆ ಹೋಗಿ ಅವರಿಗೆ ಎಲ್ಲವನ್ನೂ ಹೇಳುವುದು ನನ್ನ ರೂಢಿಯಾಯಿತು. ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತು ಕೇಳುತ್ತಿದ್ದರು. ಫೋಟೊ ತೋರಿಸಿದರೆ ಮೊಬೈಲನ್ನು ದೂರ ಸರಿಸಿ, "ಬಾಯಿಲೆ ಹೇಳು," ಎನ್ನುತ್ತಿದ್ದರು.

ಹೋದ ವರ್ಷ ಪಾಮೀರಿಗೆ ಒಂದು ತಂಡ ಸಿದ್ಧವಾಯಿತು. ಹೊರಡುವ ಮುಂಚೆ ಹೋದಾಗ ಕಾಕು ಬಹಳ ಇಳಿದುಹೋಗಿದ್ದರು. ನಾನು, "ಈ ಸಲ ಬಿಡತೀನ್ರಿ, ಮುಂದಿನ ವರ್ಷ ನೋಡೂ..." ಎನ್ನುತ್ತಿದ್ದಂತೆ ಕಣ್ಣು ಬಿಟ್ಟು ನೋಡಿದರು. "ಮಂದಿ ತಯಾರಾಗ್ಯಾರ. ಹೋಗು," ಎಂದರು.

ಈ ಸಲ ಮೆಲ್ಲಗೆ, ತಂಗಿ ತಂಗಿ ಏರಿದೆವು. ಬಿಸಿನೀರಿನ ಹಳ್ಳಿಯಲ್ಲಿ ಜೀಪಿನ ಚಕ್ರ ಕೆಟ್ಟು ಒಂದು ದಿನ ಹೆಚ್ಚು ನಿಲ್ಲಬೇಕಾಯಿತು. ಮರುದಿನ ಮುಂಜಾನೆ ಕಣಿವೆಬಾಯಿ ದಾಟಿದೆವು. ಆಚೆಗೆ ಬಯಲು ತೆರೆದುಕೊಂಡಿತು, ಇಷ್ಟು ಅಗಲದ ಆಕಾಶವನ್ನು ನಾನು ಕಂಡಿರಲಿಲ್ಲ. ಅಲ್ಲಿ ಮೊಬೈಲಿಗೆ ಸಂಪರ್ಕವಿರಲಿಲ್ಲ. ಸರೋವರ ನೋಡಿ, ಓಶ್ ತಲುಪಿ, ಮೊಬೈಲು ಹಚ್ಚಿದಾಗ ಹೆಂಡತಿಯ ಸಂದೇಶ ಬಂತು. ಕಾಕು ಹೋಗಿದ್ದರು. ಮಣ್ಣೂ ಆಗಿಹೋಗಿತ್ತು.

ಊರಿಗೆ ಬಂದವನೇ ತಿಕೋಟಾಕ್ಕೆ ಹೋದೆ. ಕಾಕಾ ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರು. ನಾನು ಕಾಲು ಮುಟ್ಟಿ ಪಕ್ಕಕ್ಕೆ ಕೂತೆ. ಮಣ್ಣಿಗೆ ಬರಲಾಗಲಿಲ್ಲ ಎಂದು ಹೇಳಬೇಕೆಂದಿದ್ದೆ. ಅವರೇ ಮಾತು ತೆಗೆದರು.

"ನೀ ಹ್ವಾದ ದಿವಸದಿಂದ ಒಂದ ಸವನ ಕೇಳೂದಪ್ಪ ಆಕೀದು. ಎಲ್ಲಿ ಮುಟ್ಟ್ಯಾನ, ಎಲ್ಲಿ ಮುಟ್ಟ್ಯಾನ ಅಂತ. ನನಗೇನು ಗೊತ್ತು? ಕಡೀ ದಿವಸ ಸಂಜೀಕೂ ಕೇಳಿದಳು. ನಾ, ದಾಟ್ಯಾನ ಅಂದೆ."

ಅವರು ತಲೆಯ ಮೇಲಿನ ವಸ್ತ್ರ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಹಂಗ ಅಂದ ಮ್ಯಾಲ ಮತ್ತ ಕೇಳಲಿಲ್ಲ. ಮಲಗಿದಳು." ನನ್ನ ಕಡೆ ನೋಡಿದರು. "ಸುಳ್ಳು ಹೇಳಿದ್ನೇನಪ್ಪಾ?"

ಆ ದಿನ ಯಾವುದೆಂದು ನನಗೆ ಗೊತ್ತಿತ್ತು. ಆ ಸಂಜೆ ನಾವಿನ್ನೂ ಬಿಸಿನೀರಿನ ಹಳ್ಳಿಯಲ್ಲಿ, ಬಿಚ್ಚಿಟ್ಟ ಚಕ್ರದ ಸುತ್ತ ನಿಂತಿದ್ದೆವು.

"ಇಲ್ರಿ ಕಾಕಾ," ಎಂದೆ. "ದಾಟಿದ್ವಿ."

ಅವರು ತಲೆಯಾಡಿಸಿದರು. ಆಮೇಲೆ ಗೋಡೆಗೆ ಒರಗಿ, ಕಾಲು ಚಾಚಿ, "ಹೇಳು," ಎಂದರು. "ಆಕಡೆ ಏನೈತಿ? ಬಾಯಿಲೆ ಹೇಳು."

ನಾನು ಹೇಳತೊಡಗಿದೆ.